ಲಿವರಿನ ಹಮಾಲರು

ಕುಪಾತ್ ಊಟದ ದಿನ ಯಾರಾದರೂ ಜಗಳ ಆಡುತ್ತಾರೆಯೇ? ಬೆಟ್ಟದೂರು ವೊನೊಸೊಬೊದ ಜನ ಒಳಗೆ ಕುದಿಯುತ್ತಿದ್ದರೂ ಮೇಲೆ ನಗುತ್ತಲೇ ಚಹಾ ಬಗ್ಗಿಸಿಕೊಡುವವರು. ಆದರೆ ಅಂದು ಮುರ್ಯಾತಿ, ಬಸುರಿ ಲಾರಸಳ ಚಿಕ್ಕಮ್ಮ, ತೆಂಗಿನ ಗರಿಯಲ್ಲಿ ಬೆಂದ ಅನ್ನದ ಗಂಟನ್ನು ತಟ್ಟೆಗೆ ಕುಕ್ಕಿ ಎದ್ದು ನಿಂತೇಬಿಟ್ಟಳು.

ಬಸಿರಿಗೆ ನಾಲ್ಕು ತಿಂಗಳು ತುಂಬಿದಾಗ ಮಾಡುವ ಊಟ ಅದು. ಅದಕ್ಕೆ ಮುಂಚೆ ಸುದ್ದಿಯನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಕಣ್ಣು ಬೀಳುತ್ತದೆ. ಲಾರಸಳ ಅತ್ತೆ ಪೋನಿಯೆಮ್ ಇದರಲ್ಲಿ ಬಲು ಕಟ್ಟುನಿಟ್ಟು. ಹಾಗಾಗಿ ಸ್ವಂತ ಚಿಕ್ಕಮ್ಮನಿಗೂ ಹೇಳಿಕಳಿಸಿದ್ದು ಮೊನ್ನೆ ಊಟಕ್ಕೆ ಕರೆದಾಗಲೇ. ಮುರ್ಯಾತಿಗೆ ಅದರ ಬೇಸರವಿರಲಿಲ್ಲ. ಪದ್ಧತಿ ಅಂದಮೇಲೆ ಪದ್ಧತಿ. ಆದರೆ ಊಟದ ನಡುವೆ ಲಾರಸ್ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು, ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಮುರ್ಯಾತಿ ಇಪ್ಪತ್ತಾರು ವರ್ಷದಿಂದ ಪೇಟೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆ ಪಟ್ಟಿ ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತು.

"ಏನೇ ಅದು? ಉಗಿ, ಮೊದ್ಲು ಉಗಿ!"

ಲಾರಸ್ ಗಾಬರಿಯಿಂದ ಅಂಗೈಗೆ ಉಗಿದಳು. "ಥೈರಾಯ್ಡ್ ಮಾತ್ರೆ ಚಿಕ್ಕಮ್ಮ. ನಿಮ್ಮ ಆಸ್ಪತ್ರೆ ಡಾಕ್ಟ್ರೇ ಕೊಟ್ಟಿದ್ದು. ಎದೆ ಢವಢವ ಅಂತಿತ್ತು, ವಾಂತಿ ಬೇರೆ. ರಕ್ತದಲ್ಲಿ ಹಾರ್ಮೋನು ಜಾಸ್ತಿ ಇದೆ, ಇಳಿಸ್ಬೇಕು ಅಂದ್ರು. ಆರು ವಾರದಿಂದ ತಗೋತಿದೀನಿ."

"ಬಸುರಿ ಅಂತ ಹೇಳಿದ್ಯಾ ಅವ್ರಿಗೆ?"

ಲಾರಸ್ ಅತ್ತೆಯ ಮುಖ ನೋಡಿದಳು.

"ಕುಪಾತ್ ಆಗದೆ ಹೇಗೆ ಹೇಳ್ತಾಳೆ?" ಎಂದಳು ಪೋನಿಯೆಮ್. "ನಮ್ಮನೇಲಿ ಹಾಗೆ ಮರ್ಯಾದೆ ಬಿಟ್ಟೋರು ಯಾರೂ ಇಲ್ಲ."

"ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಇದು ಹೊಟ್ಟೇಲಿರೋ ಕೂಸಿನ ಥೈರಾಯ್ಡನ್ನೂ ಅದುಮುತ್ತೆ ಕಣ್ರೀ! ಕೂಸಿನ ಬುದ್ಧಿ ಬೆಳೆಯೋದು ಅದ್ರಿಂದ. ಏಳೇ ಲಾರಸ್, ಚಪ್ಪಲಿ ಹಾಕ್ಕೋ!"

ಊಟಕ್ಕೆ ಬಂದವರೆಲ್ಲ ತಟ್ಟೆ ಹಿಡಿದು ಬೆಪ್ಪಾಗಿ ನೋಡುತ್ತ ಉಳಿದರು. ಮುರ್ಯಾತಿ ಅಕ್ಕನ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಆಲೂಗಡ್ಡೆ ಹೊಲಗಳ ನಡುವಿನ ಇಳಿಜಾರು ರಸ್ತೆಯುದ್ದಕ್ಕೂ ಡಾಕ್ಟರನ್ನು ಬೈಯುತ್ತಲೇ ಪೇಟೆಗಿಳಿದಳು.

ಲ್ಯಾಬಿಗೆ ಹೋದವಳೇ ರಕ್ತ ತೆಗೆದಳು. ಆ ಆಸ್ಪತ್ರೆಯಲ್ಲಿ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನೆಲ್ಲ ಒಟ್ಟಿಗೆ ಅಳೆಯುವುದು ರೂಢಿ. ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಹಾರ್ಮೋನನ್ನಷ್ಟೇ ಅಳೆಯುವ ಕಿಟ್ಟಿನ ಪೆಟ್ಟಿಗೆ ಫ್ರಿಜ್ಜಿನಲ್ಲಿತ್ತು, ಆದರೆ ಡಾಕ್ಟರ ಚೀಟಿ ಇಲ್ಲದೆ ಅದನ್ನು ಮುಟ್ಟುವಂತಿರಲಿಲ್ಲ. ಮುರ್ಯಾತಿ ಮುಟ್ಟಿದಳು. ಎರಡು ಗಂಟೆ ಕಾದಮೇಲೆ ಬಂದ ಅಂಕಿ ಇರಬೇಕಾದ್ದಕ್ಕಿಂತ ಕೆಳಗಿತ್ತು. ಹಳೆಯ ಕಡತದಿಂದ, ಡಾಕ್ಟರ ಚೀಟಿಯ ಮೇಲೇ ಬರೆದುಕೊಟ್ಟಿದ್ದ ಆರು ವಾರದ ಹಿಂದಿನ ವರದಿಯನ್ನೂ ಕಿತ್ತುಕೊಂಡು, ಎರಡನ್ನೂ ಹಿಡಿದು, ಬಾಗಿಲು ತಟ್ಟದೆ ಡಾಕ್ಟರ್ ದಾರ್ಸೊನೊರ ಕೋಣೆಗೆ ನುಗ್ಗಿದಳು. ಹಳೆಯ ವರದಿಯ ಕೆಳತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿಕೊಂಡಿದ್ದಳು.

"ಡಾಕ್ಟ್ರೇ, ಸಂತೇಲಿ ಹಮಾಲರು ಇರ್ತಾರಲ್ಲ?"

"ಏನು ಮುರ್ಯಾತಿ, ಹೊರಗಡೆ ಜನ ಕಾಯ್ತಿದಾರೆ."

"ಕಾಯ್ಲಿ, ಅವ್ರೂ ಕೇಳಿಸ್ಕೊಳ್ಲಿ! ಲಿವರ್ ಇದೆಯಲ್ಲ, ಥೈರಾಯ್ಡ್ ಹಾರ್ಮೋನನ್ನ ಹೊತ್ತು ತಿರುಗೋ ಪ್ರೊಟೀನನ್ನ ಹುಟ್ಸೋದು ಅದೇ. ಅವೇ ಹಮಾಲರು. ಬಸುರಿ ಹೆಂಗಸಿನ ಲಿವರ್ ಹಮಾಲರನ್ನ ಇನ್ನೂ ಜಾಸ್ತಿ ಕಳಿಸುತ್ತೆ. ಹಮಾಲರು ಜಾಸ್ತಿ ಆದ್ರೆ ಬೆನ್ನ ಮೇಲಿನ ಅಕ್ಕಿ ಮೂಟೇನೂ ಜಾಸ್ತಿ ಆಗುತ್ತೆ. ನೀವು ಬೆನ್ನ ಮೇಲಿದ್ದ ಮೂಟೆ ಎಲ್ಲಾ ಎಣಿಸ್ಬಿಟ್ಟು, ಇವ್ಳಿಗೆ ಊಟ ಜಾಸ್ತಿ ಆಗಿದೆ ಅಂದ್ರಿ. ಕೆಳಗಿಳಿದ ಮೂಟೆ ತಾನೇ ಒಲೆಗೆ ಬರೋದು? ಅದನ್ನ ಆವತ್ತು ಯಾರೂ ಅಳೀಲೇ ಇಲ್ಲ. ಇವತ್ತು ನಾನು ಅಳೆದೆ. ನಿಮ್ಮ ಮಾತ್ರೆ ಅದನ್ನ ತಳಕ್ಕಿಳಿಸಿದೆ, ನೋಡಿ!"

ಡಾಕ್ಟರ ಮುಖ ಕೆಂಪಾಯಿತು. "ನನಗೆ ಲಿವರಿನ ಪಾಠ ಹೇಳೋಕೆ ಬಂದ್ರಾ? ಬಸುರಿ ಅಂತ ಆ ಹುಡುಗಿ ಹೇಳ್ಲೇ ಇಲ್ಲ."

"ನೀವು ಕೇಳಿದ್ರಾ? ಮದುವೆಯಾದ ಹುಡುಗಿ ವಾಂತಿ ಅಂತ ಬಂದ್ರೆ ಸಂತೇಲಿ ಸೋಯಾ ತೆಂಪೆ ಮಾರೋಳೂ ಮೊದ್ಲು ಅದನ್ನೇ ಕೇಳ್ತಾಳೆ!"

ಹೊರಗಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಡಾಕ್ಟರು ಕೈಚಾಚಿ ಹಳೆಯ ವರದಿಯನ್ನು ಅವಳ ಹೆಬ್ಬೆರಳಿನಡಿಯಿಂದ ಎಳೆದುಕೊಂಡರು.

"ಇಲ್ಲಿ ಬಸುರಿ ಹೌದೋ ಅಲ್ವೋ ಅನ್ನೋ ಚೌಕ ಖಾಲಿ ಇದೆ. ಖಾಲಿ ಬಿಟ್ಟಿದ್ದು ನಾನೇ, ತಪ್ಪು ನಂದೇ ಇರ್ಲಿ. ಆದ್ರೆ ಕೆಳಗಡೆ ಮೊಹರು ಯಾರದು, ಮುರ್ಯಾತಿ?"

ಮೊಹರಿನಲ್ಲಿ ಅವಳದೇ ಹೆಸರಿತ್ತು. ಡಾಕ್ಟರು ಮಾತ್ರೆ ನಿಲ್ಲಿಸುವಂತೆ ಬರೆದು, ತಲೆ ಎತ್ತದೆ, ಲಾರಸಳನ್ನು ಹೆರಿಗೆ ವಿಭಾಗಕ್ಕೆ ಕಳಿಸಿದರು.

ಅಲ್ಲಿ ಸೂಲಗಿತ್ತಿ ಹೊಟ್ಟೆಗೆ ಯಂತ್ರ ಹಿಡಿದಾಗ ಕೂಸಿನ ಎದೆಬಡಿತ ಕೋಣೆಯೆಲ್ಲ ಕೇಳಿಸಿತು. "ಎದೆ ಚೆನ್ನಾಗೇ ಬಡ್ಕೋತಿದೆ," ಎಂದಳು ಅವಳು. "ಮಾತ್ರೆ ಏನಾದ್ರೂ ಮಾಡಿದೆಯಾ ಅಂತ ಈಗ್ಲೇ ಹೇಳೋಕಾಗಲ್ಲ ತಾಯಿ. ತಿಂಗಳು ತಿಂಗಳು ನೋಡ್ಬೇಕು. ಹುಟ್ಟಿದ ಮೇಲೂ ನೋಡ್ಬೇಕು."

ಹೊರಗೆ ಬೆಂಚಿನ ಮೇಲೆ ಮುರ್ಯಾತಿ ಲಾರಸಳ ಕೈ ಹಿಡಿದು ಕೂತಳು. ಮತ್ತೆ ಬೈಗುಳ ಶುರುವಾಯಿತು. ಡಾಕ್ಟರ ಸೊಕ್ಕು, ಪೋನಿಯೆಮ್‌ಳ ಮಡಿ, ಹಾಳಾದ ಆಸ್ಪತ್ರೆಯ ರೂಢಿ, ಒಂದನ್ನೂ ಬಿಡಲಿಲ್ಲ.

"ಚಿಕ್ಕಮ್ಮ," ಎಂದಳು ಲಾರಸ್ ಕೊನೆಗೆ. "ಆ ಚೀಟೀಲಿ ನನ್ನ ಹೆಸರಿತ್ತಲ್ಲ. ಅಂಕಿ ನೀನೂ ನೋಡಿದ್ದೆ. ಹಮಾಲರ ಕಥೆ ನಿಂಗೆ ಆವತ್ತೂ ಗೊತ್ತಿತ್ತು."

ಮುರ್ಯಾತಿ ನೆಲ ನೋಡಿದಳು. "ಗೊತ್ತಿತ್ತು ಕಣೇ. ಅಂಕಿ ನೋಡಿದ ತಕ್ಷಣ ಅನುಮಾನ ಬಂತು, ಕೇಳ್ಬೇಕು ಅಂತಾನೂ ಅನ್ನಿಸ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಇನ್ನೂ ಕುಪಾತ್ ಆಗಿಲ್ವಲ್ಲ ಅಂತ ಸುಮ್ನಾದೆ."

ಲಾರಸ್ ಚಿಕ್ಕಮ್ಮನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಳು.