ಅರ್ಧಕ್ಕೆ ನಿಂತ ಅತ್ತೆ

“ಕಾಲು ಮುಂದೆ ಬರ್ಲಿ, ತಲೆ ಮೇಲೇ ಇರ್ಲಿ. ಇವ್ರಿಗೆ ತಲೆ ಕೆಳಗಾದ್ರೆ ಸುತ್ತು ಬರತ್ತೆ” ಎಂದು ಲಾಡ್ಜಿನ ಒಡತಿ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಳು. ಹೆಣ ಹೊತ್ತ ನಾಲ್ವರೂ ಹಾಗೇ ತಿರುಗಿಸಿಕೊಂಡರು. ಹೆಣಕ್ಕೆ ಎಂಥ ಸುತ್ತು ಎಂದು ಯಾರೂ ಕೇಳಲಿಲ್ಲ.

ಹಿಂದಿನಿಂದ ಇಳಿಯುತ್ತಿದ್ದ ಹೆಂಡತಿಗೆ ಮಾತ್ರ ಆ ಮಾತು ಚುಚ್ಚಿತು. ತನ್ನ ಗಂಡನಿಗೆ ಯಾವಾಗ ಸುತ್ತು ಬರುತ್ತದೆಂದು ಈ ಹೆಂಗಸಿಗೆ ಹೇಗೆ ಗೊತ್ತು?

ಗಂಡ ತಕ್ಕಡಿ ರಿಪೇರಿಯವನು. ಸೀಸನ್ನಿನಲ್ಲಿ ಈ ಕಡಲ ತೀರದ ಊರಿಗೆ ಜನ ಇರುವೆಗಳಂತೆ ಮುತ್ತುತ್ತಿದ್ದರು; ಆಗ ಯಾವ ಅಂಗಡಿಯೂ ತಕ್ಕಡಿಯನ್ನು ಒಂದು ಗಳಿಗೆ ಬಿಟ್ಟುಕೊಡುತ್ತಿರಲಿಲ್ಲ. ಹಾಗಾಗಿ ಅವನು ಬರುತ್ತಿದ್ದದ್ದು ಅರ್ಧ ಊರು ಬಾಗಿಲು ಹಾಕಿಕೊಂಡಿರುವಾಗ, ವರ್ಷಕ್ಕೊಮ್ಮೆ. ಒಂದೇ ದಿನದ ಕೆಲಸ, ಆದರೆ ರಾತ್ರಿ ಉಳಿದೇ ಬರುತ್ತಿದ್ದ. ಕೇಳಿದರೆ, “ರಿಪೇರಿ ಆದ ತಕ್ಕಡಿ ರಾತ್ರಿಯಿಡೀ ತೂಕ ಹೊತ್ತು ನಿಲ್ಬೇಕು ಕಣೆ. ಬೆಳಿಗ್ಗೆ ಮುಳ್ಳು ಜರುಗದೇ ಇದ್ರೆ ಸರಿ” ಎನ್ನುತ್ತಿದ್ದ. ಅವಳು ಅರ್ಧ ನಂಬಿ, ಅರ್ಧ ನುಂಗಿಕೊಂಡಿದ್ದಳು.

ನಿನ್ನೆ ಸಂಜೆ ಸುದ್ದಿ ಬಂತು. ಮಗಳ ಜೊತೆ ಬೆಳಗಿನ ಬಸ್ಸು ಹಿಡಿದು ಬಂದವಳು, ಇಲ್ಲೇ ಮಣ್ಣು ಮಾಡೋಣ ಎಂದಳು. “ಬದುಕಿದ್ದಾಗ್ಲೇ ಬಸ್ಸಲ್ಲಿ ವಾಂತಿ ಮಾಡ್ಕೊಳ್ತಿದ್ದ ಮನುಷ್ಯ. ಇನ್ನೊಂದ್ಸಲ ಯಾಕೆ ಆ ಗೋಳು?” ಅದಾದ ಮೇಲೆ ಅವಳು ಹೆಚ್ಚು ಮಾತಾಡಲಿಲ್ಲ. “ಅಮ್ಮಾ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ” ಎಂದು ಮಗಳು ಬಸ್ಸಿನಲ್ಲೇ ಬೇಡಿಕೊಂಡಿದ್ದಳು.

ಮಣ್ಣು ಮುಗಿಸಿ ವಾಪಸು ಬರುವಾಗ ಕಿರಾಣಿ ಅಂಗಡಿಯವನು ಪಕ್ಕದಲ್ಲಿ ನಡೆದ. “ಒಳ್ಳೇ ಕೈ ಅವರದ್ದು. ಮಧ್ಯಾಹ್ನದೊಳಗೆ ಎಲ್ಲಾ ಮುಗಿಸಿ ಎದ್ದುಬಿಡ್ತಿದ್ರು.”

“ರಾತ್ರಿ ತೂಕ ಇಟ್ಟು ನೋಡೋದು?”

“ಅದ್ಯಾಕೆ? ಒಂದ್ಸಲ ತೂಗಿ ನೋಡಿದ್ರೆ ಆಯ್ತಲ್ಲ.”

ಅವಳು ಮುಂದೆ ನಡೆಯುತ್ತಿದ್ದ ಲಾಡ್ಜಿನ ಒಡತಿಯ ಬೆನ್ನನ್ನೇ ನೋಡಿದಳು. ವಯಸ್ಸಾಗಿದ್ದರೂ ನೆಟ್ಟಗಿನ ಬೆನ್ನು.

*

ಮನೆಯಲ್ಲಿ ಮಾತೆಲ್ಲ ಅವಳದ್ದೇ. ಅವನು ಸ್ಪ್ರಿಂಗು, ಚಿಮುಟ ಹರವಿಕೊಂಡು ಕುಳಿತರೆ ಅವಳು ಎದುರಿಗೆ ಕುಳಿತು ಶುರು ಮಾಡುವಳು. ಅದರಲ್ಲಿ ಮುಕ್ಕಾಲು ಪಾಲು ಅವಳ ಸೋದರತ್ತೆಯ ಕತೆ. ಹಲ್ಲು ಕೀಳಿಸಲು ಹೋಗಿ ವೈದ್ಯನಿಗೇ ಬುದ್ಧಿ ಹೇಳಿ ಬಂದ ಅತ್ತೆ, ಮಳೆ ನಿಲ್ಲಲಿ ಎಂದು ಮದುವೆಯ ಗಂಡನ್ನೇ ಬಾಗಿಲಲ್ಲಿ ನಿಲ್ಲಿಸಿದ ಅತ್ತೆ. ಹೇಳುತ್ತ ಅವಳಿಗೇ ನಗು ಉಕ್ಕುತ್ತಿತ್ತು. ಅವನು ತಲೆಯೆತ್ತಿದರೆ, “ಇಲ್ಲೊಂದು ಚಿಕ್ಕ ಸ್ಕ್ರೂ ಇತ್ತು, ನೋಡಿದ್ಯಾ?” ಎನ್ನುವುದಕ್ಕೆ.

“ಗೋಡೆಗೂ ಕಿವಿ ಇರತ್ತಂತೆ. ನಿಮಗೆ ಅದೂ ಇಲ್ಲ” ಎಂದು ಅವಳು ಎದ್ದು ಹೋಗುವಳು. ಹಾಗೆ ಎದ್ದು ಹೋಗುತ್ತಲೇ ಸಂಸಾರ ಸಾಗಿತ್ತು.

*

ಕ್ಷೌರದಂಗಡಿಯ ಮುಂದೆ ಕ್ಷೌರಿಕ ಎಲ್ಲರನ್ನೂ ಒಳಗೆ ಕರೆದ. ಗಂಡ ಪ್ರಾಣ ಬಿಟ್ಟದ್ದು ಇಲ್ಲೇ, ಕನ್ನಡಿಯ ಮುಂದಿನ ಕುರ್ಚಿಯಲ್ಲಿ. ಒಡತಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಹೆಂಡತಿ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

“ನಮ್ಮೋರು ರಾತ್ರಿ ಇಲ್ಲಿ ಯಾಕೆ ಉಳ್ಕೊಳ್ತಿದ್ರು? ಸುತ್ತು ಬಳಸು ಬೇಡ, ನೀವೇ ಹೇಳಿಬಿಡಿ.”

ಮಗಳು ತೋಳು ಜಗ್ಗಿದಳು. ಒಡತಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, “ನಮ್ಮನ್ನ ನಗಿಸೋಕೆ” ಎಂದಳು. “ಸೀಸನ್ ಇಲ್ದಾಗ ಈ ಊರಲ್ಲಿ ನೊಣ ಹೊಡ್ಯೋದು ಬಿಟ್ರೆ ಏನಿದೆ? ಇವ್ರು ಬಂದ್ರು ಅಂದ್ರೆ ಸಂಜೆ ಎಲ್ಲಾ ಇಲ್ಲೇ ಸೇರ್ತಿದ್ವಿ.”

“ಅವ್ರಿಗೆ ಸುತ್ತು ಬರತ್ತೆ ಅಂತ ನಿಮಗ್ಹೇಗೆ ಗೊತ್ತು?”

“ಈ ಕುರ್ಚಿ ಹಿಂದಕ್ಕೆ ವಾಲಿಸೋಕೆ ಬಿಡ್ತಿರ್ಲಿಲ್ಲ. ಕೂತೇ ಗಡ್ಡ ಮಾಡಿಸ್ಕೊಳ್ಳೋರು. ಊರಿಗೇ ಗೊತ್ತು.”

ಕ್ಷೌರಿಕ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. “ನಿನ್ನೆ ನೊರೆ ಹಚ್ಚಿದ್ದೆ, ಕತೆ ನಡೀತಿತ್ತು. ಅವರ ಅತ್ತೆ ಫೋಟೊ ತೆಗೆಸೋಕೆ ಹೋದ್ರಂತೆ. ಫೋಟೊದವನು ಸ್ವಲ್ಪ ನಗಿ ಅಂದ್ರೆ, ‘ಮೊದ್ಲು ಫೋಟೊ ತೋರ್ಸು. ಚೆನ್ನಾಗಿದ್ರೆ ನಗ್ತೀನಿ’ ಅಂದ್ರಂತೆ.” ಹೇಳುತ್ತ ಅವನು ಗಲ್ಲಕ್ಕೆ ಒಂದು ಬೆರಳು ಒತ್ತಿ ಕತ್ತು ವಾರೆ ಮಾಡಿದ. “ಹೀಗೆ ಮಾಡಿ ಹೇಳೋರು. ಆ ಪೆದ್ದ ವಾರ ಬಿಟ್ಟು ಫೋಟೊ ತಂದ್ಕೊಟ್ನಂತೆ. ಅತ್ತೆ ನೋಡಿದ್ರಂತೆ. ನಾನು ‘ಆಮೇಲೆ?’ ಅಂದೆ. ಮಾತಿಲ್ಲ. ಬೇಕಂತ ಕಾಯಿಸ್ತಿದಾರೆ ಅಂದ್ಕೊಂಡು ಬ್ರಷ್ ಹಿಡಿದು ನಿಂತೇ ಇದ್ದೆ.”

ಮಗಳು ಅಮ್ಮನ ಮುಖ ನೋಡಿದಳು. ಆ ಬೆರಳು, ಆ ವಾರೆ ಕತ್ತು ಅಮ್ಮನದ್ದು.

“ಯಾರ ಅತ್ತೆ?” ಎಂದಳು ಹೆಂಡತಿ.

“ಅವರದ್ದೇ.”

“ನನ್ನ ಸೋದರತ್ತೆ ಅದು.” ಅವಳಿಗೆ ಮೊದಲು ಬಂದದ್ದು ಸಿಟ್ಟು. ಕದ್ದ ಮಾಲನ್ನು ಹೀಗೆ ಪರವೂರಿನಲ್ಲಿ ಹಂಚುತ್ತಿದ್ದನಲ್ಲ, ಮನೆಯಲ್ಲಿ ಒಂದು ಸಲ ನಗಲು ಏನಾಗಿತ್ತು ಇವನಿಗೆ? ಆಮೇಲೆ, ಬೆಳಗಿನಿಂದ ಬಾರದಿದ್ದ ಅಳು ಬಂತು. ಒಂದು ಮಾತನ್ನೂ ಅವನು ಕೆಳಗೆ ಬೀಳಲು ಬಿಟ್ಟಿರಲಿಲ್ಲ. ಅತ್ತಳು, ಮೂಗು ಒರೆಸಿಕೊಂಡಳು. ಕಿರಾಣಿ ಅಂಗಡಿಯವನು ಮುಜುಗರಪಟ್ಟು, ಹೊರಡಲೆಂದು ಒಂದು ಕಾಲು ಹೊಸಿಲಾಚೆ ಇಟ್ಟ.

“ಅದು ಅಲ್ಲಿಗೆ ನಿಲ್ಲೋ ಕತೆ ಅಲ್ಲ” ಎಂದಳು. ಈ ಸಲ ಮಗಳು ತೋಳು ಜಗ್ಗಲಿಲ್ಲ. “ಅತ್ತೆ ಫೋಟೊನ ಬೆಳಕಿಗೆ ಹಿಡಿದು ನೋಡಿದ್ಲು. ನೋಡಿ, ‘ಇಂಥಾ ಗಂಟುಮೋರೆ ಮುಂದೆ ಯಾರಿಗಪ್ಪಾ ನಗು ಬರತ್ತೆ? ಹೋಗು, ಬೇರೆ ಯಾರದ್ದಾದ್ರೂ ತಗೊಂಡ್ ಬಾ, ನಗ್ತೀನಿ’ ಅಂದ್ಲು.”

ಕ್ಷೌರಿಕನಿಗೆ ತಡೆಯಲಾಗಲಿಲ್ಲ, ಬಾಯಿಗೆ ಟವೆಲು ಒತ್ತಿಕೊಂಡು ಬಗ್ಗಿ ನಕ್ಕ. ಒಡತಿ ನಕ್ಕಳು, ಅವಳದೇ ಲೋಟದ ಚಹಾ ನೆಲಕ್ಕೆ ಚೆಲ್ಲಿತು. ಅಂಗಡಿಯವನು ಹೊಸಿಲಾಚೆಯ ಕಾಲನ್ನು ಒಳಗೆ ತೆಗೆದುಕೊಂಡ, ಬಾಗಿಲು ಎಳೆದ, ಬೆಂಚಿನ ಮೇಲೆ ಕೂತು, ಜರುಗಿ ಹೆಂಡತಿಗೂ ಜಾಗ ಮಾಡಿದ.