ರಾಣಿಯ ಬೆನ್ನ ಮೇಲಿನ ಸುಣ್ಣ

ಫ್ಯಾನಿನ ನೆರಳು ಮೇಜಿನ ಹಸಿರು ಬಟ್ಟೆಯ ಮೇಲೆ ಸುತ್ತುತ್ತಿದೆ, ನಿಧಾನ, ಕರೆಂಟು ಕಮ್ಮಿ ಇರಬೇಕು, ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ಸಂಗಮದ ನೀರೂ ಹೀಗೇ ತಿರುಗುತ್ತಿತ್ತು, ನಂಜನಗೂಡಿನಲ್ಲಿ ನಮ್ಮ ಮನೆಯ ಹಿಂದೆ ಹರಿಯುವ ಕಪಿಲೆಯೇ ಇಲ್ಲಿ ನರಸೀಪುರಕ್ಕೆ ಬಂದು ಕಾವೇರಿಯನ್ನು ಸೇರುವುದು, ನಾನು ಟಿಕೆಟ್ ತೆಗೆದುಕೊಂಡು ಬಂದೆ ಅವಳು ಪುಕ್ಕಟೆ ಬಂದಳು — ನಗಬಾರದು, ಮುಖ ಅನ್ನೋದು ಹದಿನಾಲ್ಕನೇ ಎಲೆ ಕಣೇ ಜಾನಕಿ, ಅದನ್ನು ಯಾರಿಗೂ ತೋರಿಸಬೇಡ, ನಮ್ಮ ಯಜಮಾನರು, ಇವರು, ಹೇಳುತ್ತಿದ್ದದ್ದು. ಬ್ರಿಜ್ ಆಟ, ಏಳು ಇಸ್ಪೀಟು ಕೂಗಿದ್ದೇನೆ. ಕೂಗಿದ್ದು ನಾನೇನಾ, ಹದಿಮೂರು ಟ್ರಿಕ್ಕಿಗೆ ಹದಿಮೂರೂ ನಾವೇ ಗೆಲ್ಲುತ್ತೇವೆ ಎಂದು ಮಾತು ಕೊಟ್ಟ ಹಾಗೆ, ಒಂದು ಕೈಬಿಟ್ಟರೂ ಎಲ್ಲ ಹೋಯಿತು. ಎದುರಿಗೆ ನನ್ನ ಜೊತೆಗಾರ ರಾಮಚಂದ್ರ, ಅಣ್ಣನ ಮಗ, ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಡಮ್ಮಿಯಾಗಿ ಕೂತಿದ್ದಾನೆ, ಇನ್ನು ಅವನು ಬಾಯಿ ಬಿಡುವ ಹಾಗಿಲ್ಲ, ಅವನ ಎಲೆಯನ್ನೂ ನಾನೇ ಆಡಬೇಕು. ಬಲಗಡೆ ತಾಲ್ಲೂಕು ಕಚೇರಿಯ ನಂಜುಂಡಸ್ವಾಮಿ. ಎಡಗಡೆ ಅವರ ಜೊತೆಗಾರರು, ಬನ್ನೂರಿನ ಮಾದಪ್ಪನವರು, ಏಳು ವರ್ಷವಾಯಿತು ಈ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ, ಮೀಸೆ ಪೂರ್ತಿ ಬೆಳ್ಳಗಾಗಿದೆ, ಆಡಿ ಅಮ್ಮೋರೆ, ಅವಸರ ಏನಿಲ್ಲ, ಅಷ್ಟೇ ಅಂದದ್ದು ಇಡೀ ದಿನಕ್ಕೆ. ಕ್ಲಬ್ಬಿನ ಕಾರ್ಯದರ್ಶಿ ಪುಟ್ಟಬಸವಯ್ಯನವರ ಮೇಜಿನ ಮೇಲೆ ಬಹುಮಾನದ ಕಪ್ಪು ಹೊಳೆಯುತ್ತಿದೆ, ವ್ಯಾಸರಾಜ ಮೇಷ್ಟ್ರ ಜ್ಞಾಪಕಾರ್ಥ ೧೯೮೧, ಇವರ ಹೆಸರನ್ನು ನಾನೇ ಕೆತ್ತಿಸಿ ಕೊಟ್ಟ ಕಪ್ಪು, ಈ ಕೊನೆಯ ಆಟ ಗೆದ್ದರೆ ಅದನ್ನು ನಾನೇ ಎತ್ತಿಕೊಂಡು ಮನೆಗೆ ಹೋಗುವುದು. ಗಂಡ ಹೋದ ಹೆಂಗಸು ಗಂಡಸರ ಕ್ಲಬ್ಬಿಗೆ ಇಸ್ಪೀಟು ಆಡೋಕ್ಕೆ ಹೋಗ್ತಾಳಂತೆ, ಪಕ್ಕದ ಮನೆ ಸುಂದರಮ್ಮ, ಅನ್ನಲಿ, ಅನ್ನುವ ಬಾಯಿಗೆ ಬೀಗ ಹಾಕಲಾದೀತೆ.

ಹತ್ತು ಟ್ರಿಕ್ ಬಂದಾಯಿತು, ಎಲ್ಲರ ಕೈಯಲ್ಲೂ ಇನ್ನು ಮೂರೇ ಎಲೆ. ನನ್ನ ಮೂರೂ ಆಟೀನು, ಎಕ್ಕ, ಗುಲಾಮ, ನಾಲ್ಕು. ಡಮ್ಮಿಯಲ್ಲೂ ಮೂರೂ ಆಟೀನು, ರಾಜ, ಹತ್ತು, ಮೂರು. ಹೊರಗಿರುವವಳು ರಾಣಿ ಒಬ್ಬಳೇ. ಅವಳು ಮಾದಪ್ಪನವರ ಹತ್ತಿರ ಇದ್ದರೆ ನಾನು ಇಲ್ಲಿಂದ ಗುಲಾಮನನ್ನು ಆಡಿ ಸಿಕ್ಕಿಸಬೇಕು, ನಂಜುಂಡಸ್ವಾಮಿಯ ಹತ್ತಿರ ಇದ್ದರೆ ಮೊದಲು ಡಮ್ಮಿಯ ರಾಜನ ಹತ್ತಿರ ಹೋಗಿ ಅಲ್ಲಿಂದ ಈ ಕಡೆ ಆಡಬೇಕು, ಎರಡೇ ದಾರಿ, ತಪ್ಪಿದರೆ ತಿದ್ದಿಕೊಳ್ಳುವ ಹಾಗಿಲ್ಲ. ಲೆಕ್ಕ ಮಾಡು ಜಾನಕಿ, ಆಮೇಲೆ ದೇವರನ್ನು ಕರಿ. ಲೆಕ್ಕ ಕಲಿತದ್ದು ತಿಂಗಳ ಆ ಮೂರು ದಿನಗಳಲ್ಲಿ, ಹೊರಗಾಗಿ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿರುತ್ತಿದ್ದೆ, ಮಧ್ಯಾಹ್ನ ಸ್ಕೂಲಿನಿಂದ ಬಂದ ಇವರು ಹೊಸ್ತಿಲಿನ ಆಚೆ ಕೂತು ನೆಲದ ಮೇಲೆ ಒಂದೊಂದೇ ಎಲೆಯನ್ನು ನನ್ನ ಕಡೆ ಜಾರಿಸುತ್ತಿದ್ದರು, ನಮ್ಮತ್ತೆ ಒಳಗಿನಿಂದ ಮೈಲಿಗೆ ಕಣೋ ಅಂದರೆ ಕಾಗದಕ್ಕೆ ಮೈಲಿಗೆ ಇಲ್ಲಮ್ಮ ಅನ್ನುತ್ತಿದ್ದರು, ಬೇರೆ ಹೆಂಗಸರು ಆ ಮೂರು ದಿನ ಬೇಸರಪಟ್ಟರೆ ನಾನು ದಿನ ಎಣಿಸಿ ಕಾಯುತ್ತಿದ್ದೆ, ನನ್ನ ಮದುವೆಯ ಸುಖವೆಲ್ಲ ಆ ಹೊಸ್ತಿಲಿನಲ್ಲೇ ಇತ್ತು. ಆಟೀನು ಒಟ್ಟು ಹದಿಮೂರು, ನಮ್ಮವು ಆರು, ಅವರವು ಏಳು. ಮಾದಪ್ಪನವರು ಮೊದಲು ಆಡಿದ್ದು ಕಳಾವರ್ ಎರಡು, ಮೇಲಿನಿಂದ ನಾಲ್ಕನೇ ಎಲೆ ಆಡುವುದು ವಾಡಿಕೆ, ಎರಡರ ಕೆಳಗೆ ಎಲೆಯಿಲ್ಲ, ಹಾಗಾಗಿ ಅವರಲ್ಲಿ ಕಳಾವರ್ ನಾಲ್ಕೇ, ಡೈಮಂಡ್ ಮೂರು ಸಲ ಹಾಕಿ ನಾಲ್ಕನೇ ಸಲ ಡೈಮಂಡ್ ಇಲ್ಲದೆ ಬೇರೆ ಎಲೆ ಎಸೆದರು, ಇಸ್ಪೀಟು ಒಂದೇ, ಎಂಟಾಯಿತು, ಹಂಚಿದ ಹದಿಮೂರರಲ್ಲಿ ಉಳಿದ ಐದೂ ಆಟೀನು, ಎರಡನ್ನು ಆಗಲೇ ಎಸೆದಿದ್ದಾರೆ. ನಂಜುಂಡಸ್ವಾಮಿಗೆ ಬರೀ ಎರಡು. ಈ ಕಡೆ ಐದು ಸೀಟು, ಆ ಕಡೆ ಎರಡು ಸೀಟು, ರಾಣಿ ಎಲ್ಲಿ ಕೂತಿರಬಹುದು ಎಂದು ಕೇಳಿದರೆ ಮೂರನೇ ಕ್ಲಾಸಿನ ಮಗುವೂ ಐದರ ಕಡೆ ಎನ್ನುತ್ತದೆ. ಗುಲಾಮ. ಗುಲಾಮನನ್ನು ಎತ್ತಿ ಹಾಕು. ಬೆರಳು ಯಾಕೆ ಏಳುವುದಿಲ್ಲ.

ನೋಡಿಬಿಟ್ಟೆನಲ್ಲ, ಅದಕ್ಕೆ. ನೋಡಬಾರದಿತ್ತು. ಈ ಪ್ಯಾಕು ನಮ್ಮದು, ಕ್ಲಬ್ಬಿನ ಪ್ಯಾಕಿನಲ್ಲಿ ಒಂದೆಲೆ ಕಳೆದುಹೋಗಿತ್ತು, ಅತ್ತೆ, ನಿಮ್ಮ ಬ್ಯಾಗಿನಲ್ಲಿ ಮಾವನ ಪ್ಯಾಕ್ ಇದೆಯಲ್ಲ ಅಂದ ರಾಮಚಂದ್ರ, ಇವರು ಹೋದ ಮೇಲೆ ಎರಡು ವರ್ಷ ಟ್ರಂಕಿನಲ್ಲೇ ಇದ್ದದ್ದು, ಶುಭವಾಗಲಿ ಎಂದು ತಂದಿದ್ದೆ. ಮೂರನೇ ಟ್ರಿಕ್ಕಿನಲ್ಲಿ ಕಳಾವರ್ ರಾಣಿ ಬಿದ್ದಳು, ಕವುಚಿ ಹಾಕಿದಾಗ ನೀಲಿ ಬೆನ್ನಿನ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ, ಸುಣ್ಣ, ಇವರ ಎಲೆಅಡಿಕೆಯ ಸುಣ್ಣ, ಸಾಸಿವೆಕಾಳಿನಷ್ಟು, ನೋಡಿ ಕಣ್ಣು ತುಂಬಿತು, ಇವರೇ ಬಂದು ಪಕ್ಕದಲ್ಲಿ ಕೂತ ಹಾಗೆ. ಆಮೇಲೆ ಡೈಮಂಡ್ ರಾಣಿ ಬಿದ್ದಳು, ಅವಳ ಬೆನ್ನಲ್ಲೂ ಚುಕ್ಕೆ, ಅದೇ ಮೂಲೆ. ಆಮೇಲೆ ನಮ್ಮ ಇಸ್ಪೀಟು ರಾಣಿ. ಬೇರೆ ಯಾವ ಎಲೆಗೂ ಇಲ್ಲ, ಎಕ್ಕಕ್ಕಿಲ್ಲ ರಾಜನಿಗಿಲ್ಲ, ರಾಣಿಯರಿಗೆ ಮಾತ್ರ, ಎದುರುಬದುರು ಎರಡು ಮೂಲೆಗೂ, ಎಲೆಯನ್ನು ಹೇಗೆ ಹಿಡಿದರೂ ಕಾಣುವ ಹಾಗೆ. ಒಂದಾದರೆ ಕೈತಪ್ಪು. ಈಗ ನಂಜುಂಡಸ್ವಾಮಿಯ ಕೈಯ ಮೂರು ಎಲೆಗಳಲ್ಲಿ ನಡುವಿನದರ ಮೂಲೆಯಲ್ಲಿ, ಬೆಳ್ಳಗೆ, ಸಾಸಿವೆಯಷ್ಟು. ಐದರಲ್ಲಿಲ್ಲ, ಎರಡರಲ್ಲಿದ್ದಾಳೆ. ಐದರ ಕಡೆ ಬುಟ್ಟು ಎರಡರ ಕಡೀಕೇ ಓಯ್ತೀರಲ್ಲ ಮೇಷ್ಟ್ರೇ, ಅದೆಂಗೆ, ಒಂದ್ಸಲ ಆದ್ರೆ ಅದೃಷ್ಟ ಅಂತೀನಿ, ವಾರವಾರವೂ ಅಂದ್ರೆ ಏನನ್ನಲಿ — ಎಪ್ಪತ್ತನಾಲ್ಕನೇ ಇಸವಿ, ನಮ್ಮ ನಡುಮನೆ, ಮಾದಪ್ಪನವರು ಬನ್ನೂರಿನಿಂದ ಬೆಲ್ಲ ತಂದಿದ್ದರು, ಕಾಫಿ ಅರ್ಧ ಕುಡಿದಿದ್ದರು, ಕೋಪದಿಂದ ಕೇಳಲಿಲ್ಲ, ಸಂಕಟದಿಂದ ಕೇಳಿದರು, ಈಗ ಗೊತ್ತಾಗುತ್ತಿದೆ ಅದು ಸಂಕಟ. ಎದ್ದು ನಿಂತವಳು ನಾನು. ನಮ್ಮ ಮನೆ ಮೆಟ್ಟಿಲು ಇನ್ನು ಹತ್ತಬೇಡಿ ಎಂದವಳು ನಾನು. ಬೆಲ್ಲದ ಗಂಟನ್ನು ಬಾಗಿಲಾಚೆ ಇಟ್ಟವಳು ನಾನು. ಇವರು ತಲೆ ಬಗ್ಗಿಸಿ ಸುಣ್ಣದ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು, ಎಷ್ಟು ನೊಂದುಕೊಂಡರೋ ಪಾಪ ಎಂದುಕೊಂಡೆ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಒಂದು ಸಲ, ಗಲೀಜಾಗಿದೆ ಎಂದು ಪ್ಯಾಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದೆ, ಚುಕ್ಕೆಗಳೆಲ್ಲ ಹೋದವು, ಅವತ್ತೊಂದೇ ದಿನ ಇವರು ನನ್ನ ಮೇಲೆ ಕೂಗಾಡಿದ್ದು, ಆ ಭಾನುವಾರ ಸೋತರು, ನಿನ್ನ ಗಂಡನಿಗೆ ರಾಣಿಯ ವಾಸನೆ ಬರುತ್ತದೆ ಎಂದು ಊರೆಲ್ಲ ಹೊಗಳುತ್ತಿತ್ತಲ್ಲ, ಅವತ್ತು ನೆಗಡಿಯೇನೋ ಎಂದು ನಾನೇ ಹಾಸ್ಯ ಮಾಡಿದ್ದೆ. ಇವರ ದೇಹ ಅಂಗಳದಲ್ಲಿದ್ದಾಗ ಮಾದಪ್ಪನವರು ಬಂದು ಬೀದಿಯ ಆ ಕಡೆ ಹೊಂಗೆಮರದ ಕೆಳಗೆ ಟವೆಲ್ಲು ಕೈಯಲ್ಲಿ ಹಿಡಿದು ನಿಂತಿದ್ದರು. ಬನ್ನಿ ಅನ್ನಲಿಲ್ಲ ನಾನು. ಮೆಟ್ಟಿಲು ಹತ್ತಲಿಲ್ಲ ಅವರು.

ಸುಳ್ಳುಗಾರ. ಅಂದೆನಲ್ಲ, ಮನಸ್ಸಿನಲ್ಲೇ ಆದರೂ ಅಂದೆ, ಹೊಸ್ತಿಲಿನ ಆಚೆಯಿಂದ ಎಲೆ ಜಾರಿಸುತ್ತಿದ್ದ ಆ ಬೆರಳೇ, ಅದೇ ಬೆರಳ ತುದಿಯ ಸುಣ್ಣವೇ. ಪುಟ್ಟಬಸವಯ್ಯನವರನ್ನು ಕರೆದು ಹೇಳಿಬಿಡಲೇ, ಈ ಪ್ಯಾಕಿಗೆ ಗುರುತಿದೆ, ಈ ಆಟ ರದ್ದು ಮಾಡಿ ಎಂದು, ಅದೇ ಸರಿ, ಆದರೆ ಆ ಕಪ್ಪಿನ ಮೇಲಿನ ಹೆಸರು — ಅಷ್ಟು ಧೈರ್ಯ ನನಗಿಲ್ಲ. ಎರಡರ ಕಡೆ ಆಡಿದರೆ ಕಪ್ಪು ನನ್ನದು, ಚಪ್ಪಾಳೆ ನನ್ನದು, ಮಾದಪ್ಪನವರು ಮತ್ತೊಮ್ಮೆ ಅದೆಂಗೆ ಎಂದು ಕೇಳುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅತ್ತೆ, ಎನ್ನುವ ಹಾಗೆ ಕತ್ತೆತ್ತಿದ್ದಾನೆ ರಾಮಚಂದ್ರ. ಐದು ಸೀಟು, ಎರಡು ಸೀಟು. ನನಗೆ ಕಲಿಸಿದ್ದು ಲೆಕ್ಕ, ಸುಣ್ಣವನ್ನಲ್ಲ, ಕಲಿಸುವಾಗ ಸುಳ್ಳು ಕಲಿಸಲಿಲ್ಲ, ಅಷ್ಟಾದರೂ ನನ್ನ ಪಾಲಿಗೆ ಇರಲಿ. ಗುಲಾಮ. ಹಾಕಿದೆ. ಮಾದಪ್ಪನವರು ಆರು ಹಾಕಿದರು, ಡಮ್ಮಿಯಿಂದ ಮೂರು, ನಂಜುಂಡಸ್ವಾಮಿ ನಡುವಿನ ಎಲೆಯನ್ನು ಎಳೆದರು, ಆಟೀನ್ ರಾಣಿ, ಕೆಂಪಗೆ, ಮುಖ ಓರೆ ಮಾಡಿಕೊಂಡು, ಹೋಯಿತು, ಏಳು ಇಸ್ಪೀಟು ಹೋಯಿತು, ಕಪ್ಪು ಹೋಯಿತು, ರಾಮಚಂದ್ರ ಕಣ್ಣು ಮುಚ್ಚಿಕೊಂಡ. ನಂಜುಂಡಸ್ವಾಮಿ ರಾಣಿಯನ್ನು ಕವುಚಿ ಹಾಕಿದರು. ಚುಕ್ಕೆ ಮೇಲೆ ಬಂತು. ಮಾದಪ್ಪನವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಅವರಿಗೆ ಗೊತ್ತಿತ್ತು, ಎಪ್ಪತ್ತನಾಲ್ಕರಲ್ಲೇ ಗೊತ್ತಿತ್ತು, ಗೊತ್ತಿದ್ದೂ ಊರಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಐದರ ಕಡೀಕೇ ಬಂದ್ರಲ್ಲ ಅಮ್ಮೋರೆ. ಹೂಂ, ಲೆಕ್ಕ ಹಾಗೇ ಹೇಳಿತು. ಸರ್ಯಾಗೇ ಆಡುದ್ರಿ ಬುಡಿ, ಸೋತ್ರೂ ಸರ್ಯಾಗೇ. ಮಾದಪ್ಪನವರೇ, ನಾಳೆ ಮನೆಗೆ ಬನ್ನಿ, ಕಾಫಿ ಕುಡಿಯೋಕ್ಕೆ — ಇದನ್ನು ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲೇ ಹೇಳಿದೆನೋ, ಪುಟ್ಟಬಸವಯ್ಯನವರು ಎಲೆ ಎತ್ತಿಕೊಳ್ಳಲು ಈ ಕಡೆ ಬರುತ್ತಿದ್ದಾರೆ, ಮಾದಪ್ಪನವರು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಕೈ ಚಾಚಿ, ರಾಣಿಯ ಬೆನ್ನನ್ನು ಒರೆಸುತ್ತಿದ್ದಾರೆ, ಒಂದು ಮೂಲೆ, ಇನ್ನೊಂದು ಮೂಲೆ, ನಂಜುಂಡಸ್ವಾಮಿಗೆ ಅರ್ಥವಾಗಲಿಲ್ಲ, ಫ್ಯಾನಿನ ನೆರಳು ಸುತ್ತುತ್ತಿದೆ, ರಾಣಿಯ ಬೆನ್ನು ಚೊಕ್ಕ ನೀಲಿ, ಏನೂ ಇಲ್ಲ, ಏನೂ ಇರಲೇ ಇಲ್ಲ ಎನ್ನುವ ಹಾಗೆ, ಕಬ್ಬು ಕಡಿದು ಒಡೆದ ಆ ಹೆಬ್ಬೆರಳಿನ ಮೇಲೆ ಮಾತ್ರ, ಬೆಳ್ಳಗೆ, ಸಾಸಿವೆಯಷ್ಟು, ಸುಣ್ಣ.