ದೊಡ್ಡಮ್ಮನಿಗೆ ಮೊದಲು ನೀರು ಕೊಡಬೇಡಿ

ನನ್ನ ತಂಗಿ ಕೆಮಿಸ್ಟ್ರಿ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಬಿದ್ದರೆ ಕಾಲೇಜಿನಿಂದಲೇ ಆಚೆ. ಎಡವಿದ್ದು ಒಂದೇ ಪ್ರಶ್ನೆಗೆ: ಗ್ರಿಗ್ನಾರ್ ಕಾರಕದಿಂದ ಕಾರ್ಬಾಕ್ಸಿಲಿಕ್ ಆಮ್ಲ ಆಗುವುದು ಹೇಗೆ? ಪುಸ್ತಕದ ಬಾಗಿದ ಬಾಣಗಳನ್ನು ಕಂಡರೆ ಅವಳಿಗೆ ತಲೆ ಗಿರ್ರನೆ ತಿರುಗುತ್ತಿತ್ತು. ಅವಳ ಗೋಳು ಕೇಳಿ ಕೇಳಿ ನನಗೆ ರೋಸಿಹೋಯಿತು.

"ಓದಿದ್ದು ಸಾಕು, ಆಡಿ ತೋರ್ಸು" ಎಂದೆ.

"ಗ್ರಿಗ್ನಾರ್ ಅಂದ್ರೆ, ಯಾರ ಮೇಲೆ ಬೀಳ್ಲಿ ಅಂತ ಕಾಯ್ತಾ ಇರತ್ತೆ" ಎಂದಳು.

"ಹಾಗಾದ್ರೆ ನಿಮ್ಮ ದೊಡ್ಡಮ್ಮನೇ" ಎಂದರು ಅಪ್ಪ. ಒಳಗಿದ್ದ ದೊಡ್ಡಮ್ಮ ಅದನ್ನು ಕೇಳಿಸಿಕೊಂಡು ಬಂದೇಬಿಟ್ಟರು. ಬಾಯಿ ತಪ್ಪಿ ಆಡಿದ ಆ ಮಾತಿಗೆ ಅಪ್ಪನೇ ದೊಡ್ಡಮ್ಮ ಮೇಲೆ ಬೀಳುವ ಕಾರ್ಬನ್ ಆಗಬೇಕಾಯಿತು. ಅಮ್ಮ ಮತ್ತು ನಾನು ಆಕ್ಸಿಜನ್. ಆಚೆ ಈಚೆ ನಿಂತು ಅಪ್ಪನ ತೋಳುಗಳನ್ನು ಎರಡೆರಡು ಕೈಯಲ್ಲಿ ಹಿಡಿದೆವು. ಇಂಗಾಲದ ಡೈಆಕ್ಸೈಡ್ ತಯಾರಾಯಿತು.

ಕೊನೆಗೆ ಬರಬೇಕಾದ ನೀರಿನ ಪಾತ್ರ ತಂಗಿಯದು. ಲೋಟ ಹಿಡಿದು ಬಂದವಳು ನೇರವಾಗಿ ದೊಡ್ಡಮ್ಮನ ಕೈಗೆ ಕೊಟ್ಟಳು. ದೊಡ್ಡಮ್ಮ ಗಟಗಟ ಕುಡಿದು, ಕುರ್ಚಿಯಲ್ಲಿ ಕೂತು, "ಹಾಯ್ ಅನ್ಸ್ತು" ಎಂದರು. ಜಗಳದ ಮಾತೇ ಇಲ್ಲ. ಆಮ್ಲವೂ ಇಲ್ಲ.

"ಅವರಿಗ್ಯಾಕೆ ಕೊಟ್ಟೆ?"

"ದೊಡ್ಡವರಿಗಲ್ವಾ ಮೊದ್ಲು ಕೊಡೋದು?"

ಪರೀಕ್ಷೆಯಲ್ಲೂ ಅವಳು ಗ್ರಿಗ್ನಾರ್‌ಗೇ ಮೊದಲು ನೀರು ಹಾಕಿದ್ದಳಂತೆ. ಎರಡು ಸಲದ ಡುಮ್ಕಿಗೆ ಕಾರಣ ಈ ಹಾಳು ಮರ್ಯಾದೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮತ್ತೆ ಆಡಿದೆವು. ಈ ಸಲ ದೊಡ್ಡಮ್ಮ ಒಂದೇ ಕೈಯಲ್ಲಿ ಅಪ್ಪನ ಕಾಲರ್ ಹಿಡಿದರು. ಆ ಎಳೆತಕ್ಕೆ ಅಮ್ಮನ ಒಂದು ಕೈ ಜಾರಿತು, ನಾನು ಎರಡೂ ಕೈ ಬಿಡಲಿಲ್ಲ. ಅಮ್ಮ ಖಾಲಿ ಕೈ ನೋಡಿಕೊಂಡು ಮುಖ ಊದಿಸಿಕೊಂಡರು. ತಂಗಿ ಆಗ ಆ ಕೈಗೆ ಲೋಟ ಇಟ್ಟಳು. ಆಮ್ಲ ಆಯಿತು, ಅಪ್ಪನ ಅಂಗಿ ಹರಿಯಿತು.

ಪರೀಕ್ಷೆಯ ದಿನ ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೆ.

"ನೀರು ಯಾವಾಗ ಹಾಕ್ಬೇಕು?" ಪರೀಕ್ಷಕರ ದನಿ.

"ದೊಡ್ಡಮ್ಮ ಅಪ್ಪನ ಕಾಲರ್ ಹಿಡಿದ ಮೇಲೆ, ಸರ್."

ಮುಗಿಯಿತು ಕಥೆ ಎಂದುಕೊಂಡೆ.

"ಯಾರ ಅಪ್ಪ?"

"ನಮ್ಮಪ್ಪ, ಸರ್. ಕಾರ್ಬನ್ನು. ದೊಡ್ಡಮ್ಮ ಹಿಡಿದ ತಕ್ಷಣ ಅಮ್ಮಂದು ಒಂದು ಕೈ ಬಿಟ್ಟೋಗತ್ತೆ."

"ಯಾಕೆ ಬಿಡ್ಬೇಕು?"

"ಅಪ್ಪಂಗೆ ನಾಲ್ಕಕ್ಕಿಂತ ಜಾಸ್ತಿ ಕೈ ತಡ್ಕೊಳ್ಳಕ್ಕೆ ಆಗಲ್ಲ, ಸರ್. ಬಿಟ್ಟೋದ ಕೈಗೆ ಆಮ್ಲ ಬೆರೆಸಿದ ನೀರಿಂದ ಒಂದು ಹೈಡ್ರೋಜನ್ ಕೊಟ್ರೆ ಕಾರ್ಬಾಕ್ಸಿಲಿಕ್ ಆಮ್ಲ."

ಪರೀಕ್ಷಕರು ಬಹಳ ಹೊತ್ತು ಕೆಮ್ಮಿದರು. ಅದು ಕೆಮ್ಮಲ್ಲ, ನಗು.

"ಪಾಸು, ಹೋಗಮ್ಮ."

ನಾನು ಹೊರಗಿನಿಂದಲೇ "ಅಬ್ಬಾ!" ಎಂದು ಕಿರುಚಿಬಿಟ್ಟೆ.

"ಯಾರದು ಬಾಗಿಲಲ್ಲಿ?"

"ಆಕ್ಸಿಜನ್ನು, ಸರ್" ಎಂದಳು ತಂಗಿ, ಅಳುತ್ತಾ. "ಕೈ ಬಿಡದೇ ಇರೋದು."